ಇಂಡಿಯ ಪಡಸಾಲಿಯಲ್ಲಿ ಮುನಿಸಿಕೊಂಡ ಲ್ಯಾಂಪು

ಹೆಣ್ಣು ನೋಡಲು ಬಂದವರು ಹೆಣ್ಣನ್ನು ಬಿಟ್ಟು ಟೇಬಲ್ ಲ್ಯಾಂಪನ್ನೇ ಪಿಳಿಪಿಳಿ ನೋಡುತ್ತ ಕೂತದ್ದನ್ನು ಕೇಳಿದ್ದೀರಾ? ಇಲ್ಲ ತಾನೆ? ಹಾಗಾದರೆ ಕೇಳಿ. ಉಪ್ಪು ಖಾರ ಹಚ್ಚದೆ ಹೇಳುತ್ತೇನೆ... ಸ್ವಲ್ಪ ಹಚ್ಚಿದರೆ ಸಹಿಸಿಕೊಳ್ಳಿ!

ಇಂಡಿ ಊರಿನ ಒಂದು ಮನೆಯ ಪಡಸಾಲಿಯಲ್ಲಿ ಭುವನೇಶ್ವರಿ ನಿಂತಿದ್ದಳು. ಕೈಯಲ್ಲಿ ಚಹಾದ ಟ್ರೇ ಇರಲಿಲ್ಲ. ವೈರ್ ಇಲ್ಲದ ಹೊಸ ಲ್ಯಾಂಪ್ ಇತ್ತು!

ಎದುರಿಗೆ ನಿಡಗುಂದಿಯಿಂದ ಬಂದ ವರ, ಚೇತನಕುಮಾರ. ಅವನ ಕಣ್ಣು ಅವಳ ಬೆರಳುಗಳ ಮೇಲೆಯೇ. ಅವಳು ಮನಸ್ಸಿನಲ್ಲೇ ಬೇಡಿಕೊಂಡಳು...

‘ಇವನಾದರೂ ನನ್ನ ಕೆಲಸ ಒಪ್ಪಲಿ...’

ಮನೆಯ ಫ್ಯಾನು, ಬಲ್ಬು, ನೀರಿನ ಮೋಟಾರು, ಎಲ್ಲವೂ ಬಾಯಿಮಾತಿಗೆ ನಡೆಯುವಂತೆ ಮಾಡಿದವಳು ಅವಳೇ. ಊರಿನ ಎಷ್ಟೋ ಮನೆಗಳಿಗೂ ಈ ಸಿಸ್ಟಮ್ ಹಾಕಿಕೊಟ್ಟಿದ್ದಳು; ಅದೇ ಅವಳ ಉದ್ಯೋಗ. ಆದರೆ ಹಿಂದೆ ನೋಡಲು ಬಂದವರೆಲ್ಲ ಅವಲಕ್ಕಿ ತಿಂದು ಹೇಳಿದ್ದು ಒಂದೇ ಮಾತು: “ಮದುವಿ ಆದಮ್ಯಾಲೆ ಈ ಉದ್ಯೋಗ ಬಿಡಬೇಕವಾ.”

ಭುವನೇಶ್ವರಿ ಬಿಟ್ಟಿದ್ದಳು. ಉದ್ಯೋಗವನ್ನಲ್ಲ, ಅವರನ್ನು!

“ಹಾಡು ಬರ್ತೈತೇನವಾ?” ಚೇತನನ ಸೋದರತ್ತೆ ಗುರವ್ವ ಮೂಗಿನಲ್ಲೇ ರಾಗ ಎಳೆದಳು.

“ಹಾಡು ಬರೂದಿಲ್ರಿ. ಈ ಲ್ಯಾಂಪನ್ನ ಮನಿ ಸಿಸ್ಟಮ್ಮಿಗೆ ಜೋಡಸ್ತೇನಿ. ಬಾ ಅಂದ್ರ ಹತ್ತತೈತಿ. ನೋಡ್ರಿ!”

ಬಟನ್ ಒತ್ತಿ ಹಿಡಿದಳು. ಲ್ಯಾಂಪು ಕಣ್ಣು ಮಿಟುಕಿಸಿತು. ಅವಳ ಮೊಬೈಲು ಲ್ಯಾಂಪನ್ನು ಹುಡುಕಿತು... ಹುಡುಕಿತು... ಜೋಡಣೆ ಆಗಲಿಲ್ಲ.

ಮತ್ತೆ ಒತ್ತಿದಳು. ಮತ್ತೆ ಇಲ್ಲ!

“ಲಗ್ನ ಆಗೂಕಿಂತ ಮದ್ಲ ಮುನಿಸಿಕೊಂಡೈತಿ!” ಗುರವ್ವ ಕಿಸಕ್ಕನೆ ನಕ್ಕಳು.

ಚೇತನ ಎದ್ದ. “ನಾ ನೋಡ್ಲೇನ್ರಿ?”

“ಬ್ಯಾಡ್ರಿ! ನನ್ನ ಕೆಲಸಾ ನನಗ ಬರ್ತೈತಿ!”

ಚೇತನ ಬಾಗಿಲು ದಾಟಿ ಹೊರಗೆ ಹೋದ.

‘ಹೋದ... ಇವನೂ ಹೋದ!’ ಕಣ್ಣು ತುಂಬಿ ಬಂತು. ‘ಹೋಗಲಿ. ನಾನು ಸೋತೆ ಅಂತ ಮಾತ್ರ ಅನ್ನಿಸಿಕೊಳ್ಳುವುದಿಲ್ಲ!’

ತಲೆ ಎತ್ತಿ ಟಿವಿಯ ಪಕ್ಕ ನೋಡಿದಳು. ಇಡೀ ಸಿಸ್ಟಮ್ ನಡೆಸುವ ಬಿಳಿ ಡಬ್ಬಿ ಇರಬೇಕಾದಲ್ಲಿ ಪ್ಲಾಸ್ಟಿಕ್ ಹೂವಿನ ಕುಂಡ!

“ಅವ್ವಾ, ಇಲ್ಲಿದ್ದ ಡಬ್ಬಿ ಎಲ್ಲಿ?”

ತಾಯಿ ಸುನಂದಾ ತಡವರಿಸಿದಳು. “ಮಂದಿ ಬರ್ತಾರಂತ... ಬಂಗಾರದ ಜೋಡಿ ತಿಜೋರ್ಯಾಗ ಇಟ್ಟೇನವಾ. ಬ್ಯಾಟರಿ ಸಮೇತ! ತುಟ್ಟಿ ಸಾಮಾನ ಅಲ್ಲೇನು?”

ಅಯ್ಯೋ! ದಪ್ಪ ಕಬ್ಬಿಣದೊಳಗೆ ಬೀಗ ಹಾಕಿಸಿಕೊಂಡು ಕೂತ ಡಬ್ಬಿಗೆ ಲ್ಯಾಂಪಿನ ಕೂಗು ಮುಟ್ಟುವುದಾದರೂ ಹೇಗೆ?

ಡಬ್ಬಿ ಹೊರಗೆ ಬಂತು. ಬಟನ್ ಒತ್ತಿದಳು. ಜೋಡಣೆ ಆಯಿತು!

“ದೀಪಾ, ಬಾ!”

ಪಡಸಾಲಿಯ ತುಂಬ ಹೊನ್ನಿನಂಥ ಬೆಳಕು. ಮೊದಲು ಚಪ್ಪಾಳೆ ತಟ್ಟಿದವಳು ಗುರವ್ವ!

“ಭಾರಿ ಆತ್ರಿ!” ಬಾಗಿಲಿನಿಂದ ದನಿ. ಚೇತನ!

“ನೀವು... ಹೋಗಿದ್ರಲ್ಲ?”

“ಎಲ್ಲಿಗಿ? ಕಿಟಕಿ ಹೊರಗ ನಿಂತಿದ್ನಿ. ಒಳಗ ಇದ್ದಿದ್ರ ನನ್ನ ಬಾಯಿ ಸುಮ್ಮ ಇರ್ತಿದ್ದಿಲ್ಲ. ನಿಮ್ಮ ಕೆಲಸಾ ನೀವಽ ಗೆಲ್ಲಬೇಕಿತ್ತು.”

ಅವಳ ತುಟಿಯಂಚಿನಲ್ಲಿ ತುಂಟತನ ಮೂಡಿತು.

“ಈ ಲ್ಯಾಂಪಿಗೆ ಸುಳ್ಳು ಸೇರೂದಿಲ್ರಿ. ಸುಳ್ಳ ಹೇಳಿದ್ರ ಆರತೈತಿ. ಹೇಳ್ರಿ, ಮದುವಿ ಆದಮ್ಯಾಲೂ ನನ್ನ ಉದ್ಯೋಗ ನಡೀತೈತೇನು?”

“ನಡೀತೈತ್ರಿ! ನೀವು ಬಲ್ಬ್ ಹಾಕೂಮುಂದ ಏಣಿ ನಾ ಹಿಡೀತೇನಿ.”

ಲ್ಯಾಂಪು ಆರಿತು!

“ಏ, ಖರೇನಽ ರೀ!” ಚೇತನ ಬೆವೆತ. “ಅತ್ತಿ, ನೀನರ ಹೇಳು! ದೇವರಾಣಿ, ಇಕಿ ನನ್ನ ಮನಸಿಗೆ ಬಂದಾಳ!” ಪಾಪ, ಲ್ಯಾಂಪಿಗೇ ಕೈಮುಗಿದ!

“ಲೇ ಹುಚ್ಚಪ್ಪಾ,” ಗುರವ್ವ ಹಣೆ ಚಚ್ಚಿಕೊಂಡಳು, “ಆಕಿ ಸೆರಗಿನ್ಯಾಗ ಮೊಬೈಲ್ ನೋಡೋ!”

“ಇದು ಮೋಸ ರೀ!”

“ಇದು ನನ್ನ ಉದ್ಯೋಗ ರೀ. ಬಿಡೂದಿಲ್ಲ.”

“ಬಿಡಬ್ಯಾಡ್ರಿ...” ಅವನ ದನಿ ಮೆತ್ತಗಾಯಿತು. “ನನ್ನನ್ನೂ.”

“ಬಿಡೂದಿಲ್ರಿ...” ಅವಳು ಪಿಸುಗುಟ್ಟಿ ಬೆರಳಾಡಿಸಿದಳು. ಲ್ಯಾಂಪು ಬೆಳಗಿತು.

ಸುನಂದಾ ನಕ್ಕಳು, ಗುರವ್ವ ನಕ್ಕಳು. ಆದರೆ ಯಾರ ನಗೆಯೂ ಕೇಳಿಸಲಿಲ್ಲ. ಚೇತನಕುಮಾರ ಹೊಟ್ಟೆ ಹಿಡಿದುಕೊಂಡು ಅಷ್ಟು ಜೋರಾಗಿ ನಗುತ್ತಿದ್ದ!