ಗುಂಡಿ ಕಳುವಾಗಿದೆ

ಮಂಗಳವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಠಾಣೆಯ ಫೋನ್ ಬಡಿದುಕೊಂಡಿತು. ಎತ್ತಿದ ಹೆಡ್ ಕಾನ್‌ಸ್ಟೆಬಲ್‌ಗೆ ಆ ಕಡೆಯಿಂದ ಒಬ್ಬ ಹುಡುಗಿಯ ದನಿ ಕೇಳಿಸಿತು.

“ಸರ್, ಗುಂಡಿ ಕಳುವಾಗಿದೆ.”

“ಏನು ಕಳುವಾಗಿದೆ?”

“ಗುಂಡಿ ಸರ್. ಒಂದೆರಡಲ್ಲ.”

“ನೋಡಮ್ಮ, ರಸ್ತೇಲಿ ಗುಂಡಿ ಬಿದ್ದಿದೆ ಅಂತ ದಿನಾ ಫೋನ್ ಬರುತ್ತೆ. ಇದ್ದ ಗುಂಡೀನ ಯಾರೋ ಕದ್ಕೊಂಡು ಹೋಗಿದ್ರೆ ಖುಷಿ ಪಡಬೇಕಪ್ಪ.”

“ಅಯ್ಯೋ, ಅಂಗಿ ಗುಂಡಿ ಸರ್!”

ಹೆಡ್ ಕಾನ್‌ಸ್ಟೆಬಲ್ ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಇನ್‌ಸ್ಪೆಕ್ಟರ್ ಕಡೆ ನೋಡಿದರು. ಇನ್‌ಸ್ಪೆಕ್ಟರಮ್ಮ ಕಡತದಿಂದ ತಲೆ ಎತ್ತದೆ, “ಬರೋಕೆ ಹೇಳಿ” ಎಂದರು. ಆ ಠಾಣೆಗೆ ಅವರು ಬಂದು ವರ್ಷವಾಗಿತ್ತು. ಸಣ್ಣ ದೂರು ಎಂದು ಯಾರನ್ನೂ ಬಾಗಿಲಿಂದ ವಾಪಸ್ ಕಳಿಸಿದವರಲ್ಲ.

ಹುಡುಗಿ ಅರ್ಧ ಗಂಟೆಯಲ್ಲಿ ಬಂದಳು. ಹೊಸ ಅಂಗಡಿಗಳ ಬೀದಿಯಲ್ಲಿ ಅವಳದೊಂದು ಬಟ್ಟೆ ಅಂಗಡಿ. ಅಂಗಿಗಳನ್ನು ತಾನೇ ಕತ್ತರಿಸಿ ಹೊಲಿಯುತ್ತಿದ್ದಳು. ಅವಳ ಅಂಗಿಗಳಿಗೆ ಹೆಸರು ಬಂದದ್ದು ಗುಂಡಿಗಳಿಂದ. ಜೇಡಿಮಣ್ಣಿನ ಗುಳಿಗೆ ಮಾಡಿ, ಹೆಬ್ಬೆರಳಿಂದ ಒತ್ತಿ, ಸುಟ್ಟು, ಬಣ್ಣ ಹಾಕಿ ತಯಾರಿಸಿದ ಗುಂಡಿಗಳು ಅವು. ಒಂದರಂತೆ ಇನ್ನೊಂದು ಇರುತ್ತಿರಲಿಲ್ಲ.

“ಹ್ಯಾಂಗರಲ್ಲಿರೋ ಅಂಗೀಗೇ ಗುಂಡಿ ಇರಲ್ಲ ಮೇಡಂ. ಪ್ರತೀ ಸಲ ಎದೆ ಹತ್ರ ಇರೋದೇ ಹೋಗಿರುತ್ತೆ. ಮೊನ್ನೆ ಒಬ್ಬರು ನೋಡದೇ ತಗೊಂಡು, ಹಾಕ್ಕೊಂಡು ಆಫೀಸಿಗೆ ಹೋಗಿ ಮಾನ ಹೋಯ್ತು ಅಂತ ಎಲ್ಲರಿಗೂ ಹೇಳ್ಕೊಂಡು ಬಂದಿದ್ದಾರೆ. ಯಾರೋ ಹೊಟ್ಟೆಕಿಚ್ಚಿಗೆ ಮಾಡ್ತಿದ್ದಾರೆ.”

“ಯಾರ ಮೇಲಾದ್ರೂ ಅನುಮಾನ?”

“ಎಲ್ಲರ ಮೇಲೂ” ಎಂದಳು ಹುಡುಗಿ. ಅವಳ ಕಣ್ಣಲ್ಲಿ ನೀರಿತ್ತು, ಆದರೆ ಅದು ಸಿಟ್ಟಿನ ನೀರು.

ಎಫ್‌ಐಆರ್ ದಾಖಲಾಯಿತು. ಕಳುವಾದ ಮಾಲಿನ ವಿವರ ಎಂಬಲ್ಲಿ “ಅಂಗಿಯ ಗುಂಡಿಗಳು, ಮಣ್ಣಿನವು” ಎಂದು ಬರೆಯುವಾಗ ಹೆಡ್ ಕಾನ್‌ಸ್ಟೆಬಲ್ ನಗು ತಡೆದುಕೊಂಡರು. ಅವರನ್ನು ಠಾಣೆಯಲ್ಲಿ ಎಲ್ಲರೂ ಕರೆಯುತ್ತಿದ್ದುದು ಮಹಜರಣ್ಣ ಎಂದು. ಸ್ಥಳ ಪಂಚನಾಮೆ ಬರೆಯಲು ಕೂತರೆ ಗೋಡೆಯ ಮೇಲಿನ ಹಲ್ಲಿಯನ್ನೂ ಬಿಡುತ್ತಿರಲಿಲ್ಲ.

ಮಧ್ಯಾಹ್ನ ಎರಡಕ್ಕೆ ಇನ್‌ಸ್ಪೆಕ್ಟರಮ್ಮ, ಮಹಜರಣ್ಣ ಇಬ್ಬರೂ ಆ ಬೀದಿಗೆ ಹೋದರು. ಹಿಂದೆ ಅಲ್ಲಿ ಗ್ಯಾರೇಜು, ಕಬ್ಬಿಣದಂಗಡಿ ಇದ್ದವಂತೆ. ಈಗ ಒಂದು ಅಂಗಡಿಯಲ್ಲಿ ಬರೀ ನೀಲಿ ಬಟ್ಟೆ, ಇನ್ನೊಂದರಲ್ಲಿ ಯಾರೋ ತೊಟ್ಟು ಬಿಟ್ಟ ಹಳೇ ಕೋಟುಗಳು. ಮತ್ತೊಂದರಲ್ಲಿ ಏನು ಮಾರುತ್ತಾರೆಂದು ಮಹಜರಣ್ಣನಿಗೆ ಕಡೆಯವರೆಗೂ ತಿಳಿಯಲಿಲ್ಲ, ಅಷ್ಟು ಕಡಿಮೆ ಸಾಮಾನಿತ್ತು. ನಡುವೆ ಒಂದು ಕಾಫಿ ಅಂಗಡಿ. ಹೊರಗಿನ ಬೆಂಚಿನಲ್ಲಿ ಕಾಲೇಜು ಹುಡುಗರು, ನಾಯಿ ಹಿಡಿದವರು, ಒಂದೇ ಲೋಟ ಮುಂದಿಟ್ಟುಕೊಂಡು ಹೊತ್ತು ಕಳೆಯುವವರು. ಎಲ್ಲರಿಗೂ ಎಲ್ಲರ ಪರಿಚಯವಿದ್ದಂತಿತ್ತು.

ಹುಡುಗಿಯ ಅಂಗಡಿಯಲ್ಲಿ ಗುಂಡಿ ಹೋದ ಅಂಗಿಯೊಂದನ್ನು ಇನ್‌ಸ್ಪೆಕ್ಟರಮ್ಮ ಬೆಳಕಿಗೆ ಹಿಡಿದರು. ಬಟ್ಟೆ ಹರಿದಿರಲಿಲ್ಲ, ಜಗ್ಗಿದ ಗುರುತೂ ಇರಲಿಲ್ಲ. ಗುಂಡಿಗೂ ಬಟ್ಟೆಗೂ ನಡುವಿನ ದಾರವನ್ನಷ್ಟೇ ನಾಜೂಕಾಗಿ ಕೊಯ್ದಿದ್ದರು.

“ಹೊಟ್ಟೆಕಿಚ್ಚಿನವರು ಇಷ್ಟು ಜೋಪಾನ ಮಾಡ್ತಾರಾ?” ಎಂದರು ಅವರು, ಅರ್ಧ ತಮಗೇ.

ಅಷ್ಟರಲ್ಲಿ ಮಹಜರಣ್ಣ ಇನ್ನೊಂದು ಅಂಗಿಯ ಮುಂದೆ ನಿಂತು ಕೂಗಿದರು: “ಮೇಡಂ, ಬೆರಳಚ್ಚು ಸಿಕ್ತು! ಗುಂಡಿ ಮೇಲೇ ಇದೆ, ಎಷ್ಟು ಸ್ಪಷ್ಟವಾಗಿದೆ ನೋಡಿ!”

“ಅದು ನಂದು ಸರ್” ಎಂದಳು ಹುಡುಗಿ. “ನಾನೇ ಒತ್ತಿದ್ದು.”

ಮಹಜರಣ್ಣ ಪೆನ್ನು ಜೇಬಿಗೆ ಹಾಕಿಕೊಂಡರು.

ಕೋಟಿನ ಅಂಗಡಿಯವನಿಗೆ ಬೆನ್ನಿನವರೆಗೆ ಜಡೆಯಿತ್ತು, ಬೀದಿಯಲ್ಲಿ ಅವನ ಹೆಸರೂ ಜಡೆಯೇ. ಅವನ ಕೋಟುಗಳಿಂದಲೂ ಗುಂಡಿ ಹೋಗಿದ್ದವು.

“ದೂರು ಯಾಕೆ ಕೊಡಲಿಲ್ಲ?”

“ಹಳೇ ಕೋಟಲ್ವಾ ಮೇಡಂ, ಉದುರಿರಬೇಕು ಅಂದ್ಕೊಂಡೆ. ಹಿಂದಿನ ಬೀದೀಲಿ ಮಹಡಿ ಮೇಲೆ ಟೈಲರಮ್ಮ ಇದ್ದಾರೆ. ಅವರಿಗೆ ಕೊಟ್ಟರೆ ಹಾಕಿ ಕೊಡ್ತಾರೆ. ಏನು ಕೈ ಅಂತೀರಿ! ಅದೇ ಥರದ ಗುಂಡಿ ಹುಡುಕಿ ಹಾಕಿರ್ತಾರೆ. ಆ ಅಂಗಿ ಹುಡುಗಿಗೂ ನಾನೇ ಅವರ ವಿಳಾಸ ಹೇಳಿದ್ದು.”

ಇನ್‌ಸ್ಪೆಕ್ಟರಮ್ಮ ಬಂದ ದಾರಿಯಲ್ಲೇ ತಿರುಗಿ ಹುಡುಗಿಯ ಅಂಗಡಿಗೆ ಹೋದರು.

“ಟೈಲರಮ್ಮ ಹಾಕಿಕೊಟ್ಟ ಅಂಗಿ ಯಾವುದಾದ್ರೂ ಇದೆಯಾ?”

“ಇದೆ. ನನಗೆ ಹೊಸದು ಮಾಡಿ ಸುಡೋಕೆ ಪುರುಸೊತ್ತಿರಲಿಲ್ಲ, ಯಾವುದಾದ್ರೂ ಹಾಕಿ ಅಂದಿದ್ದೆ. ವಾಪಸ್ ಬಂದಿದ್ದನ್ನ ಹಾಗೇ ನೇತುಹಾಕ್ಬಿಟ್ಟೆ.”

ಹುಡುಗಿ ಅಂಗಿ ತೆಗೆದಳು. ಎದೆಯ ಗುಂಡಿಯನ್ನು ನೋಡಿದಳು. ತನ್ನ ಹೆಬ್ಬೆರಳನ್ನು ಅದರ ಪಕ್ಕ ಹಿಡಿದಳು. ಬೆರಳಿನ ಅಡ್ಡಕ್ಕಿದ್ದ ಹಳೇ ಗಾಯದ ಗೆರೆ ಗುಂಡಿಯಲ್ಲೂ ಇತ್ತು.

“ಇದು ನಂದೇ. ಇದೇ ಅಂಗೀದೇ, ಬಣ್ಣ ನೋಡಿ. ಕಳುವಾಗಿದ್ದು ವಾಪಸ್ ಹೇಗೆ ಬಂತು?”

“ಹಾಗಾದ್ರೆ ಟೈಲರಮ್ಮನೇ...” ಎಂದು ಮಹಜರಣ್ಣ ಎಳೆದರು. ಹುಡುಗಿಯ ಮುಖ ಕೆಂಪಾಯಿತು.

ಸಂಜೆ ನಾಲ್ಕೂವರೆಗೆ ಅವರು ಮಹಡಿ ಹತ್ತಿದರು. ಒಂದೇ ಕೋಣೆ, ಒಂದು ಅಡುಗೆಮೂಲೆ. ಕಿಟಕಿಗೆ ಆನಿಸಿದಂತೆ ಹೊಲಿಗೆ ಯಂತ್ರ. ಅದರ ಮುಂದೆ ಅರವತ್ತು ದಾಟಿದ ಹೆಂಗಸು ಕನ್ನಡಕದ ಮೇಲಿಂದ ನೋಡುತ್ತಾ ಎದ್ದರು. ಪೊಲೀಸರನ್ನು ನೋಡಿ ಬೆಚ್ಚಲಿಲ್ಲ, ಸಮವಸ್ತ್ರ ಸಡಿಲ ಮಾಡಿಸಲು ಬಂದಿದ್ದಾರೆಂದುಕೊಂಡರು. ಮಹಜರಣ್ಣನ ಹೊಟ್ಟೆ ನೋಡಿದರೆ ಹಾಗೆ ಅನ್ನಿಸುವುದು ಸಹಜವೇ.

“ಕೆಲಸ ಜೋರಾ ಅಮ್ಮ?” ಇನ್‌ಸ್ಪೆಕ್ಟರಮ್ಮ ಕುರ್ಚಿ ಎಳೆದುಕೊಂಡರು.

“ಈಗ ಪರವಾಗಿಲ್ಲ ಕಣಮ್ಮ. ಆ ಕಾಫಿ ಅಂಗಡಿ ಇದೆಯಲ್ಲ, ಅದು ಮೊದಲು ನನ್ನ ಅಂಗಡಿ ಆಗಿತ್ತು. ಅಲ್ಲೇ ಹೊಲೀತಿದ್ದೆ. ಆಮೇಲೆ ಯಾರೂ ಅಳತೆ ಕೊಡೋಕೆ ಬರಲಿಲ್ಲ, ಮುಚ್ಚಿದೆ. ಮುಚ್ಚಿದ್ಮೇಲೆ ಏನಾಯ್ತೋ, ಗೋಡೆ ಕಡೆ ಮುಖ ಮಾಡಿ ಮಲಗಿದೋಳು ಏಳಲೇ ಇಲ್ಲ. ಕಾಯಿಲೆ ಅಂತ ಏನಿಲ್ಲ. ಏಳೋದು ಯಾಕೆ ಅನ್ನಿಸೋದು, ಅಷ್ಟೇ.” ಅವರು ಹಲ್ಲಿನಿಂದ ದಾರ ಕಡಿದರು. “ಈಗ ಬೆಳಕು ಹರಿಯೋಕೆ ಮುಂಚೆ ಎಚ್ಚರ ಆಗ್ಬಿಡುತ್ತೆ. ಆ ಮಕ್ಕಳ ಬಟ್ಟೆ ಕಾಯ್ತಿರುತ್ತಲ್ಲ.”

“ಗುಂಡಿ ಎಲ್ಲಿಂದ ತರ್ತೀರಿ?”

“ನಾನೆಲ್ಲಿ ಹೋಗಲಿ? ನಮ್ಮನೆಯವರೇ ತರ್ತಾರೆ. ಬಟ್ಟೆ ಒಂದು ಸಲ ನೋಡಿದ್ರೆ ಸಾಕು, ಪೇಟೆಯೆಲ್ಲ ಜಾಲಾಡಿ ಅಂಥದ್ದನ್ನೇ ತರ್ತಾರೆ. ಬಸ್ಸು ಓಡಿಸಿದ ಮನುಷ್ಯ, ಸಂದಿಗೊಂದಿ ಎಲ್ಲ ಗೊತ್ತು.”

ಹೇಳುತ್ತಿರುವಾಗಲೇ ಆ ಮನುಷ್ಯ ಬಾಗಿಲಲ್ಲಿ ನಿಂತಿದ್ದರು. ಇಸ್ತ್ರಿ ಅಂಗಿ, ನುಣ್ಣಗೆ ಹೆರೆದ ಗಡ್ಡ, ಕೈಯಲ್ಲಿ ತರಕಾರಿ ಚೀಲ. ಖಾಕಿ ಕಂಡಕೂಡಲೇ ಅವರ ಕೈ ಅಂಗಿಯ ಜೇಬಿಗೆ ಹೋಯಿತು. ಮಹಜರಣ್ಣ ಏನೋ ಹೇಳಲು ಬಾಯಿ ತೆರೆದರು. ಇನ್‌ಸ್ಪೆಕ್ಟರಮ್ಮ ಅವರ ಕಾಲು ತುಳಿದರು.

“ಬರ್ತೀವಿ ಅಮ್ಮ. ಇವರ ಪ್ಯಾಂಟು ಇನ್ನೊಂದು ದಿನ ತರ್ತೀವಿ.”

ಕೆಳಗಿಳಿದ ಮೇಲೆ ಮಹಜರಣ್ಣ ಗೊಣಗಿದರು. “ಅಲ್ಲೇ ಹಿಡೀಬಹುದಿತ್ತು ಮೇಡಂ. ರಾತ್ರೋರಾತ್ರಿ ಓಡಿಹೋದ್ರೆ?”

“ಎಲ್ಲಿಗೆ ಓಡ್ತಾರೆ? ಓಡೋ ಹಾಗಿದ್ರೆ ಗುಂಡಿ ಯಾಕೆ ವಾಪಸ್ ತರ್ತಿದ್ರು?”

ಬುಧವಾರ ಬೆಳಿಗ್ಗೆ ಹತ್ತಕ್ಕೆ ಅವರಿಬ್ಬರೂ ಕಾಫಿ ಅಂಗಡಿಯ ಬೆಂಚಿನಲ್ಲಿ ಕೂತರು. ಟೈಲರಮ್ಮನ ಗಂಡ ಡ್ರೈವರ್ ಮಾವ ಬಂದರು. ಬೀದಿಯವರು ಅವರನ್ನು ಕರೆಯುತ್ತಿದ್ದುದೇ ಹಾಗೆ. ನೀಲಿ ಬಟ್ಟೆಯವಳು ಕೈ ಬೀಸಿದಳು, ಯಾರದೋ ನಾಯಿ ಅವರ ಕಾಲಿಗೆ ಮೈ ಉಜ್ಜಿತು. ಮಾವ ಪೊಲೀಸರನ್ನು ನೋಡಿದರು, ಒಂದು ಕ್ಷಣ ನಿಂತರು, ಆಮೇಲೆ ತಾವಾಗಿಯೇ ಬಂದು ಪಕ್ಕದಲ್ಲಿ ಕೂತರು.

“ಜೇಬಲ್ಲಿ ಏನಿದೆ?”

ಅವರು ಮುಚ್ಚಿದ ಮುಷ್ಟಿಯನ್ನು ಇನ್‌ಸ್ಪೆಕ್ಟರಮ್ಮನ ಅಂಗೈ ಮೇಲೆ ತೆರೆದರು. ಎರಡು ಮಣ್ಣಿನ ಗುಂಡಿ, ಒಂದು ಕೋಟಿನ ಗುಂಡಿ, ಹೊಲಿಗೆ ಬಿಚ್ಚುವ ಪುಟ್ಟ ಕೊಕ್ಕೆ.

“ಅಂಗಿ ಹಾಕಿ ನೋಡೋ ನೆಪದಲ್ಲಿ ಪರದೆ ಹಿಂದೆ ಹೋಗ್ತಿದ್ರಾ?”

“ಹೂಂ.”

“ಯಾಕೆ ಕೀಳ್ತಿದ್ರಿ?”

“ಮೊದಲು ನನ್ನ ಅಂಗೀದೇ ಕಿತ್ತಿದ್ದು. ಇಷ್ಟು ವರ್ಷ ಬೆಳಗಿನ ಮೊದಲ ಬಸ್ಸು ನಂದು. ಹೊರಡೋಕೆ ಮುಂಚೆ ಅವಳು ನನ್ನ ಗುಂಡಿಗಳ ಮೇಲೆ ಕೈಯಾಡಿಸಿ ನೋಡೋಳು, ಸಡಿಲ ಇದ್ರೆ ನಿಂತಲ್ಲೇ ಹಾಕೋಳು. ಮಲಗಿದೋಳು ಏಳದೇ ಇದ್ದಾಗ ಏನೂ ತೋಚಲಿಲ್ಲ. ಒಂದು ಗುಂಡಿ ಕಿತ್ತು, ನೋಡೇ ಹೋಗ್ಬಿಟ್ಟಿದೆ ಅಂದೆ. ಎದ್ದಳು ಮೇಡಂ. ಬೈತಾ ಎದ್ದಳು. ಆದ್ರೆ ಎಷ್ಟು ಸಲ ನನ್ನದೇ ಕೀಳಲಿ? ನಿಮ್ಮ ಗುಂಡಿಗೇನು ಕಾಲು ಬಂದಿದೆಯಾ ಅಂತ ಕೇಳಿದಳು. ಆಮೇಲೆ ಜಡೆಗೆ ಅವಳ ವಿಳಾಸ ಹೇಳಿ, ಅಂಗಡಿ ಬಟ್ಟೆಗೆ ಕೈ ಹಾಕಿದೆ.”

“ಬೇರೆ ಗುಂಡಿ ಹಾಕಿಸಿದ್ರೆ ನಮಗೆ ಗೊತ್ತೇ ಆಗ್ತಿರಲಿಲ್ಲ.”

“ಹೊಂದದ ಗುಂಡಿ ಹಾಕಿದ್ರೆ ಅವಳಿಗೆ ಹಗಲೆಲ್ಲ ಕಸಿವಿಸಿ. ಅದೂ ಅಲ್ಲದೆ ಆ ಹುಡುಗಿ ಕೈಯಾರೆ ಮಾಡಿದ್ದು. ಇಟ್ಕೊಂಡು ನಾನೇನು ಮಾಡಲಿ?”

ಮಹಜರಣ್ಣ ಬರೆಯುತ್ತಿದ್ದ ಕೈ ನಿಲ್ಲಿಸಿ ಮೂಗೊರೆಸಿಕೊಂಡರು.

“ಕಳವು ಕಳವೇ ಮಾವ. ದಸ್ತಗಿರಿ ಮಾಡಬೇಕಾಗುತ್ತೆ” ಎಂದರು ಇನ್‌ಸ್ಪೆಕ್ಟರಮ್ಮ. ಅವರ ಬಾಯಿಂದ ಮಾವ ಎಂದು ಬಂದದ್ದು ಅವರಿಗೂ ಗೊತ್ತಾಗಲಿಲ್ಲ.

“ಮಾಡಿ. ಅವಳಿಗೆ ಮಾತ್ರ ಹೇಳಬೇಡಿ. ಆ ಕೆಲಸ ಸುಳ್ಳು ಅಂತ ಗೊತ್ತಾದ್ರೆ ಮತ್ತೆ ಗೋಡೆ ಕಡೆ ತಿರುಗ್ತಾಳೆ. ಈ ಸಲ ತಿರುಗಿದ್ರೆ ನನಗೆ ಬೇರೆ ಉಪಾಯ ಇಲ್ಲ.”

ದಸ್ತಗಿರಿಯಾದವರ ಮನೆಯವರಿಗೆ ತಿಳಿಸದೇ ಇರುವ ಹಾಗಿಲ್ಲ. ಇನ್‌ಸ್ಪೆಕ್ಟರಮ್ಮ ಇಡೀ ಬೆಳಿಗ್ಗೆ ಅದನ್ನು ಮುಂದೂಡಿದರು. ಏನೆಂದು ಹೇಳುವುದೆಂದು ನಿಜವಾಗಿಯೂ ಅವರಿಗೆ ಹೊಳೆಯಲಿಲ್ಲ. ಕೊನೆಗೆ ಜಡೆಯನ್ನು ಕಳಿಸಿ, ನಿಮ್ಮವರು ಠಾಣೆಯಲ್ಲಿದ್ದಾರೆ, ಬನ್ನಿ ಎಂದಷ್ಟೇ ಹೇಳಿಸಿದರು.

ಟೈಲರಮ್ಮ ಬಂದಾಗ ಹುಡುಗಿಯೂ ಅಲ್ಲಿದ್ದಳು, ಹೇಳಿಕೆಗೆ ಸಹಿ ಹಾಕಲು ಬಂದಿದ್ದಳು. ಅವಳ ಸಿಟ್ಟು ಇನ್ನೂ ಇಳಿದಿರಲಿಲ್ಲ. “ಪಾಪ ಅನ್ಸುತ್ತೆ ಮೇಡಂ. ಆದ್ರೆ ನನ್ನ ಅಂಗಡಿ ಮರ್ಯಾದೆ ಹೋಗಿದ್ದೂ ನಿಜ ತಾನೇ?” ಎನ್ನುತ್ತಿದ್ದಳು. ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

ಟೈಲರಮ್ಮ ಮೇಜಿನ ಮೇಲಿದ್ದ ಗುಂಡಿಗಳನ್ನು ನೋಡಿದರು. ಬೆಂಚಿನ ತುದಿಯಲ್ಲಿ ತಲೆ ತಗ್ಗಿಸಿ ಕೂತ ಗಂಡನನ್ನು ನೋಡಿದರು.

“ಸಿಕ್ಕಿಬಿದ್ರಾ?” ಎಂದರು.

ಮಾವ ತಲೆ ಎತ್ತಿದರು.

“ನಿಮಗೆ ಗೊತ್ತಿತ್ತಾ?” ಇನ್‌ಸ್ಪೆಕ್ಟರಮ್ಮ ಕೇಳಿದರು.

“ನಲವತ್ತು ವರ್ಷ ಹೊಲಿದೋಳಮ್ಮ ನಾನು. ಸವೆದು ಹೋದ ದಾರ ಯಾವುದು, ಕೊಯ್ದ ದಾರ ಯಾವುದು ಗೊತ್ತಾಗಲ್ವಾ? ಅದೂ ನನ್ನದೇ ಕೊಕ್ಕೆ.”

“ಮತ್ತೆ ಯಾಕೆ ಸುಮ್ಮನಿದ್ರಿ? ತಪ್ಪು ಅನ್ನಿಸಲಿಲ್ವಾ?”

“ಅನ್ನಿಸ್ತು. ಈ ಮಗೀಗೆ ನಷ್ಟ ಆಗ್ತಿದೆ ಅಂತಲೂ ಗೊತ್ತಿತ್ತು.” ಅವರು ಹುಡುಗಿಯ ಕಡೆ ತಿರುಗಿ, “ನಿನ್ನ ಮುಖ ನೋಡೋ ಯೋಗ್ಯತೆ ನನಗಿಲ್ಲ ಕಣೇ” ಎಂದರು. ಆಮೇಲೆ ಇನ್‌ಸ್ಪೆಕ್ಟರಮ್ಮನಿಗೆ ಹೇಳಿದರು: “ಇವರು ರಿಟೈರ್ ಆದ್ಮೇಲೆ ಸ್ನಾನ ಮಾಡೋದೇ ಬಿಟ್ಟಿದ್ರು. ಮಧ್ಯಾಹ್ನದವರೆಗೂ ಅದೇ ಲುಂಗಿ, ಅದೇ ಕುರ್ಚಿ. ನಾನು ಗೋಡೆ ನೋಡ್ತಿದ್ದೆ, ಇವರು ನನ್ನ ಬೆನ್ನು ನೋಡ್ತಿದ್ರು. ಗುಂಡಿ ಕೀಳೋಕೆ ಶುರು ಮಾಡಿದ್ರು ನೋಡಿ, ಬೆಳಿಗ್ಗೆ ಎದ್ದು ಗಡ್ಡ ಹೆರ್ಕೊಂಡು, ಇಸ್ತ್ರಿ ಹಾಕ್ಕೊಂಡು, ಸಿಳ್ಳೆ ಹೊಡೀತಾ ಹೊರಡೋರು. ನಾಲ್ಕು ಜನರ ಜೊತೆ ಮಾತಾಡ್ಕೊಂಡು ಬರೋರು. ನಾನು ಬಾಯಿ ಬಿಟ್ಟಿದ್ರೆ ಮತ್ತೆ ಆ ಕುರ್ಚೀಗೇ ಹೋಗ್ತಿದ್ರು.”

ಮಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಹುಡುಗಿ ಹೇಳಿಕೆಯ ಹಾಳೆಯನ್ನು ಹಿಡಿದುಕೊಂಡು ಗೋಡೆಯ ಕಡೆ ತಿರುಗಿ ನಿಂತಳು.

ಕಾನೂನು ತನ್ನ ದಾರಿ ಹಿಡಿಯಿತು. ಮಧ್ಯಾಹ್ನ ಮೂರಕ್ಕೆ ದಸ್ತಗಿರಿ ಪತ್ರ ಸಿದ್ಧವಾಯಿತು. ಠಾಣೆಯಲ್ಲೇ ಜಾಮೀನು ಕೊಡಬಹುದಾದ ಅಪರಾಧವಾದ್ದರಿಂದ ಜಡೆ ಜಾಮೀನು ನಿಂತ. ಹುಡುಗಿ ಹೇಳಿಕೆಗೆ ಸಹಿ ಹಾಕಿದಳು, ಒಂದಕ್ಷರವನ್ನೂ ಬದಲಿಸಲಿಲ್ಲ. ಹೊರಡುವಾಗ ಮಾತ್ರ ಟೈಲರಮ್ಮನ ಮುಂದೆ ನಿಂತು, “ಕೋರ್ಟಲ್ಲಿ ಏನಾಗುತ್ತೋ ಆಗಲಿ. ನನಗೆ ಈಗಲೂ ಕೋಪ ಇದೆ” ಎಂದು, ಅವರ ಕೈಯನ್ನು ಒಂದು ಸಲ ಒತ್ತಿ ಹೋದಳು.

ಕೃತ್ಯಕ್ಕೆ ಕಾರಣ ಎಂಬಲ್ಲಿ ಏನು ಬರೆಯಲಿ ಎಂದು ಮಹಜರಣ್ಣ ಕೇಳಿದರು. “ಹೆಂಡತಿ ಬೆಳಿಗ್ಗೆ ಏಳಲಿ ಎಂದು. ಹಾಗೇ ಬರೀರಿ” ಎಂದರು ಇನ್‌ಸ್ಪೆಕ್ಟರಮ್ಮ.

ಠಾಣೆಯ ಮೆಟ್ಟಿಲಿಳಿಯುತ್ತಾ ಮಾವ ಹೆಂಡತಿಯ ಮುಖ ನೋಡದೆ ಕೇಳಿದರು. “ನಾಳೆ?”

“ನಾಳೆ ಏನು?”

“ಹಾಕೋಕೆ ಗುಂಡಿ ಇರಲ್ವಲ್ಲೇ.”

“ಏಳ್ತೀನಿ. ನೀವು ಏಳ್ತೀರಾ?”

“ಏಳ್ತೀನಿ.”

“ಸುಳ್ಳು ಹೇಳಬಾರದು.”

“ಇಲ್ಲ ಕಣೇ, ಏಳ್ತೀನಿ” ಎಂದರು ಮಾವ. ಆಕೆ ಅವರ ಕೈ ಹಿಡಿದುಕೊಂಡರು, ಬೀದಿಗಿಳಿದ ಮೇಲೂ ಬಿಡಲಿಲ್ಲ.