ಬೋಲ್ಟಿಗೆ ಹಚ್ಚಿದ ತೆಂಗಿನೆಣ್ಣೆ

೧೯೯೩ರ ಡಿಸೆಂಬರ್ ೯, ಗುರುವಾರ. ಮಸ್ಕತ್ತಿನ ಅಲ್ ಖುವೈರ್ ಠಾಣೆಗೆ ಬೆಳಗ್ಗೆ ಹತ್ತೂವರೆಗೆ ಬಂದ ಅಲೋಶಿಯಸ್ ಮಿನೇಜಸ್ ಕುಳಿತುಕೊಳ್ಳುವ ಮೊದಲೇ ಆರೋಪಿಯ ಹೆಸರು ಹೇಳಿದರು. ಪೊಲೀಸರ ಅರ್ಧ ಕೆಲಸವನ್ನು ಮನೆಯಲ್ಲೇ ಮುಗಿಸಿಕೊಂಡು ಬರುವ ಇಂಥ ದೂರುದಾರರು ಎಲ್ಲ ದೇಶಗಳಲ್ಲೂ ಇರುತ್ತಾರೆ.

ದೂರು ಇಷ್ಟು. ಅಂದು ಬೆಳಗ್ಗೆ ಅಲೋಶಿಯಸ್ ತಮ್ಮ ದೊಡ್ಡ ಜೀಪಿನಲ್ಲಿ ಹೆಂಡತಿ ಆಲಿಸ್ ಮತ್ತು ಮಗಳು ಲಿಲ್ಲಿಯನ್ನು ಕೂರಿಸಿಕೊಂಡು ದುಬೈಗೆ ಹೊರಟಿದ್ದರು. ಹೆದ್ದಾರಿಗೆ ಬರುತ್ತಿದ್ದಂತೆ, ಗೇರ್‌ಬಾಕ್ಸಿನಿಂದ ಹಿಂದಿನ ಚಕ್ರಕ್ಕೆ ಹೋಗುವ ಡ್ರೈವ್ ಶಾಫ್ಟ್ ಕಳಚಿ ರಸ್ತೆಗೆ ಬಿತ್ತು. ಹಿಂದೆ ಬರುತ್ತಿದ್ದ ಟ್ಯಾಕ್ಸಿ ಅದನ್ನು ತಪ್ಪಿಸಲು ಹೋಗಿ ಕಂಬಕ್ಕೆ ಗುದ್ದಿತು. ಚಾಲಕ ಸಾಲಿಂನ ಬಲಗೈ ಮುರಿಯಿತು. ಅಕ್ಟೋಬರಿನಲ್ಲಿ ದುಬೈ ದಾರಿಯಲ್ಲೇ ಇದೇ ವಾಹನದ ಗೇರ್‌ಬಾಕ್ಸ್ ಎಣ್ಣೆ ಸೋರಿ ಸುಟ್ಟುಹೋಗಿತ್ತು. ನವೆಂಬರಿನಲ್ಲಿ ಶಾಫ್ಟ್ ಗಡಗಡ ನಡುಗಿ ಅರ್ಧ ದಾರಿಯಿಂದ ವಾಪಸಾಗಿದ್ದರು. ಎರಡು ಸಲವೂ ರಿಪೇರಿ ಮಾಡಿದವನು ವಾದಿ ಕಬೀರ್ ಬಡಾವಣೆಯ ಗ್ಯಾರೇಜಿನ ಕೊಗ್ಗ. ಗಿರಾಕಿ ಮತ್ತೆ ಮತ್ತೆ ಬರಲಿ ಎಂದು ಅವನೇ ಬೋಲ್ಟು ಸಡಿಲ ಬಿಡುತ್ತಾನೆ ಎಂಬುದು ಆರೋಪ.

ಅರಬಿಯಲ್ಲಿ ದಾಖಲಾದ ಈ ದೂರನ್ನು ಠಾಣೆಯ ದುಭಾಷಿ ದೇಜಪ್ಪ ಮಾತ್ರ ಎಫ್‌ಐಆರ್ ಎಂದೇ ಕರೆಯುತ್ತಿದ್ದ. ಮೂಲ್ಕಿ ಬಿಟ್ಟು ಹನ್ನೆರಡು ವರ್ಷವಾದರೂ ಅವನ ಬಾಯಲ್ಲಿ ಸ್ಥಳ ಪರಿಶೀಲನೆ ಇನ್ನೂ ಪಂಚನಾಮೆಯೇ ಆಗಿತ್ತು. ಅಂದಿನ ಪಂಚನಾಮೆಯಲ್ಲಿ ಇನ್‌ಸ್ಪೆಕ್ಟರ್ ಮಹಮೂದ್ ಬರೆಸಿದ್ದು ಹೀಗೆ: ಶಾಫ್ಟಿನ ನಾಲ್ಕು ಬೋಲ್ಟುಗಳಲ್ಲಿ ಎರಡು ಸಿಕ್ಕಿಲ್ಲ. ಉಳಿದೆರಡು ಮುರಿದಿಲ್ಲ, ತಿರುಚಿಲ್ಲ, ಕೈಯಲ್ಲೇ ಬಿಚ್ಚಬಹುದಾದಷ್ಟು ಸಡಿಲ. ಅವುಗಳ ತಿರುಪಿನ ಗೆರೆಗಳಲ್ಲಿ ತಿಳಿ ಎಣ್ಣೆಯ ಅಂಶ ಇದೆ.

ಮಧ್ಯಾಹ್ನ ಕೊಗ್ಗನನ್ನು ಕರೆತಂದರು. ಹಿಂದೆಯೇ ಅವನ ವೀಸಾಕ್ಕೆ ಜವಾಬ್ದಾರನಾದ ಮಾಲೀಕ, ಕಫೀಲ್, ಬಂದು, ತಪ್ಪೊಪ್ಪಿಗೆಗೆ ಸಹಿ ಹಾಕಿಸಿ ಸಿಕ್ಕಿದ ವಿಮಾನದಲ್ಲಿ ಊರಿಗೆ ಕಳಿಸಿಬಿಡಿ, ಖಲಾಸ್, ಎಂದ. ವೀಸಾ ರದ್ದಾದರೆ ಕೊಗ್ಗನಿಗೆ ಗಲ್ಫಿನ ಬಾಗಿಲು ಮುಚ್ಚಿದಂತೆ. ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು.

"ಸಹಿ ಹಾಕು," ಎಂದು ಕಫೀಲ್ ಹಿಂದಿಯಲ್ಲಿ ಹೇಳಿದ.

ಕೊಗ್ಗ ದೇಜಪ್ಪನ ಕಡೆ ತಿರುಗಿದ. "ನನ್ನ ಹಿಂದಿ ಬೋಲ್ಟು ಬಿಗಿಲಿಕ್ಕೆ ಸಾಕು, ಸಹಿ ಹಾಕ್ಲಿಕ್ಕೆ ಸಾಲುದಿಲ್ಲ. ನೀವೇ ಹೇಳಿ ಇವರಿಗೆ. ಮಾಡದ ಕೆಲಸಕ್ಕೆ ನಾನು ಸಹಿ ಹಾಕುದಿಲ್ಲ. ಒಳಗೆ ಹಾಕುದಾದ್ರೆ ಹಾಕ್ಲಿ."

ಮಹಮೂದ್ ಮಸ್ಕತ್ತಿನ ಬಂದರುಪೇಟೆ ಮತ್ರಾದ ಗಲ್ಲಿಗಳಲ್ಲಿ ಗುಜರಾತಿ ವ್ಯಾಪಾರಿಗಳ ನಡುವೆ ಬೆಳೆದವನು. ಕೊಗ್ಗನ ಮಾತು ಅನುವಾದವಾಗುವ ಮೊದಲೇ ಅದರ ಧಾಟಿ ಅವನಿಗೆ ಅರ್ಥವಾಗಿತ್ತು. ಹೆದರಿದವನು ಹೀಗೆ ಮಾತಾಡುವುದಿಲ್ಲ ಅನ್ನಿಸಿತು. ಆದರೆ ಅನ್ನಿಸಿದ್ದನ್ನು ಕಡತಕ್ಕೆ ಸೇರಿಸಲು ಬರುವುದಿಲ್ಲ. ಕೊಗ್ಗನನ್ನು ಒಳಗೇ ಇಟ್ಟುಕೊಂಡ.

ಶನಿವಾರ ಬೆಳಗ್ಗೆ ಮಹಮೂದ್ ಆ ಎರಡು ಬೋಲ್ಟುಗಳನ್ನು ಮತ್ತೊಮ್ಮೆ ನೋಡಲು ಸಾಕ್ಷ್ಯದ ಕೋಣೆಗೆ ಹೋದ. ಅಲ್ಲಿ ಎ.ಸಿ. ಎರಡು ದಿನದಿಂದ ಬಿಡದೆ ಓಡುತ್ತಿತ್ತು. ಗುರುವಾರ ತಿಳಿಯಾಗಿದ್ದ ಎಣ್ಣೆ ಈಗ ತಿರುಪಿನ ಗೆರೆಗಳ ತುಂಬ ಬೆಳ್ಳಗೆ ಹೆಪ್ಪುಗಟ್ಟಿತ್ತು.

"ಇದೇನು, ಮೇಣವೇ?"

ದೇಜಪ್ಪ ಉಗುರಿನಿಂದ ಕೆರೆದು ಮೂಸಿದ. ಅವನ ಮುಖ ಅರಳಿದ್ದನ್ನು ನೋಡಿ ಮಹಮೂದನಿಗೆ ಸಿಟ್ಟು ಬಂತು.

"ತೆಂಗಿನೆಣ್ಣೆ ಸಾರ್. ತಂಪಿಗೆ ಹೀಗೆ ಗಟ್ಟಿಯಾಗ್ತದೆ."

"ಅಂದರೆ ನಿಮ್ಮ ಊರಿನವನ ಕೆಲಸ. ಕೊಗ್ಗನೇ."

ಕೊಗ್ಗನನ್ನು ಕರೆಸಿ ಬೋಲ್ಟು ತೋರಿಸಿದರು. ಅವನು ನೋಡಿದ, ಮೂಸಿದ, ನಕ್ಕುಬಿಟ್ಟ. "ಎಂತ ಮಾರಾಯ್ರೆ, ಊರಿಂದ ಬರುವ ತೆಂಗಿನೆಣ್ಣೆ ನನ್ನ ತಲೆಗೇ ಸಾಲುದಿಲ್ಲ. ನಾನು ಕಬ್ಬಿಣಕ್ಕೆ ಹಚ್ಚುದಾ? ನಂದು ಗ್ರೀಸ್. ನಾನು ಬಿಗಿದ ಯಾವ ಗಾಡಿ ಬೇಕಾದ್ರೂ ಬಿಚ್ಚಿ ನೋಡಿ."

ಮಹಮೂದ್ ಬಿಚ್ಚಿಸಿಯೇ ನೋಡಿದ. ಕೊಗ್ಗ ಆ ತಿಂಗಳು ರಿಪೇರಿ ಮಾಡಿದ್ದ ಮೂರು ವಾಹನಗಳನ್ನು ಹುಡುಕಿ ತರಿಸಿದ. ಎಲ್ಲದರಲ್ಲೂ ಕಪ್ಪು ಗ್ರೀಸು. ಎಲ್ಲ ಬೋಲ್ಟುಗಳೂ ಎಷ್ಟು ಬಿಗಿಯೆಂದರೆ ಬಿಚ್ಚುವಷ್ಟರಲ್ಲಿ ಕಾನ್‌ಸ್ಟೆಬಲ್ ಬೆವತುಹೋದ. ಹಾಗಾದರೆ ಕೊಗ್ಗನ ನಂತರ ಇನ್ನಾರೋ ಆ ಶಾಫ್ಟಿಗೆ ಕೈ ಹಾಕಿದ್ದರು.

ಸಂಜೆ ನಾಲ್ಕಕ್ಕೆ ಮಹಮೂದ್ ಮತ್ತು ದೇಜಪ್ಪ ಮಿನೇಜಸ್ ಕುಟುಂಬದ ಫ್ಲ್ಯಾಟಿಗೆ ಹೋದರು. ಆಲಿಸ್ ಚಹಾ ತಂದಿಟ್ಟು ಅಡುಗೆಮನೆಯ ಬಾಗಿಲಲ್ಲಿ ನಿಂತರು.

"ವಾಹನ ಬೇರೆ ದಿನಗಳಲ್ಲಿ ಕೆಟ್ಟಿದೆಯೇ?" ಮಹಮೂದ್ ಅಲೋಶಿಯಸ್ ಅವರನ್ನು ಕೇಳಿದ.

"ಇಲ್ಲ. ಪ್ರತಿ ಶುಕ್ರವಾರ, ರಜೆಯ ದಿನ, ಇದರಲ್ಲೇ ಇಗರ್ಜಿಗೆ ಹೋಗ್ತೇವೆ. ಏನೂ ಆಗ್ಲಿಲ್ಲ."

"ಮೂರು ಸಲವೂ ದುಬೈ ದಾರಿಯಲ್ಲೇ. ದುಬೈಯಲ್ಲಿ ಏನು ಕೆಲಸ?"

"ಮಗಳ ಸಂಬಂಧದ ವಿಷಯ. ಹುಡುಗ ಅಲ್ಲಿದ್ದಾನೆ, ನೋಡ್ಲಿಕ್ಕೆ."

"ಮನೆಯಲ್ಲಿ ಸ್ಪ್ಯಾನರ್ ಇದೆಯೇ?"

ಅಲೋಶಿಯಸ್ ಹೆಮ್ಮೆಯಿಂದಲೇ ಪೆಟ್ಟಿಗೆ ತಂದರು. ಪ್ರತಿಯೊಂದು ಸ್ಪ್ಯಾನರೂ ಎಣ್ಣೆ ಸವರಿ ಬಟ್ಟೆಯಲ್ಲಿ ಸುತ್ತಿತ್ತು. ದೇಜಪ್ಪ ಒಂದನ್ನು ಮೂಸಿ ಮಹಮೂದನ ಮುಖ ನೋಡಿದ.

"ಸಮುದ್ರದ ಗಾಳಿ ಅಲ್ವಾ, ತುಕ್ಕು ಹಿಡೀತದೆ," ಎಂದರು ಅಲೋಶಿಯಸ್. "ಕುಂದಾಪುರದ ಮನೆಯಲ್ಲಿ ಬಾವಿಯ ರಾಟೆಗೂ ಸೈಕಲ್ಲಿಗೂ ನಾವು ತೆಂಗಿನೆಣ್ಣೆಯೇ ಹಾಕುದು. ಎಣ್ಣೆ ಹಚ್ಚದೆ ಯಾವ ನಟ್ಟೂ ಹಾಕಬಾರದು ಅಂತ ನನ್ನ ಅಪ್ಪ ಕಲಿಸಿದ್ದು."

"ನೀವು ಯಾರಿಗೆ ಕಲಿಸಿದಿರಿ?"

"ಲಿಲ್ಲಿಗೆ. ಗಂಡುಮಕ್ಕಳಿಲ್ಲ ನೋಡಿ, ಸಣ್ಣದಿರುವಾಗಿಂದ ಗಾಡಿಯ ಅಡಿಗೆ ಅವಳೇ ನನ್ನ ಜೊತೆ—"

ದೇಜಪ್ಪ ಆ ಅರ್ಧ ಮಾತನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ.

ಲಿಲ್ಲಿ ಐದೂವರೆಗೆ ಆಫೀಸಿನಿಂದ ಬಂದಳು. ಇಪ್ಪತ್ನಾಲ್ಕು ವರ್ಷ, ಕಂಪನಿಯೊಂದರಲ್ಲಿ ಅಕೌಂಟ್ಸ್ ಕೆಲಸ. ಮೇಜಿನ ಮೇಲೆ ಬಿಚ್ಚಿದ್ದ ಪೆಟ್ಟಿಗೆಯನ್ನು ನೋಡಿದಳು. ಕೈಚೀಲ ಕೆಳಗಿಟ್ಟಳು.

"ಕೊಗ್ಗಣ್ಣ ಎಲ್ಲಿದ್ದಾರೆ?"

"ಠಾಣೆಯಲ್ಲಿ. ಗುರುವಾರದಿಂದ," ಎಂದ ದೇಜಪ್ಪ.

ಅವಳು ಅಪ್ಪನತ್ತ ತಿರುಗಿದಳು. "ಬರೀ ವಿಚಾರಿಸಿ ಕಳಿಸಿದ್ರು ಅಂತ ಹೇಳಿದ್ರಲ್ಲ, ಡ್ಯಾಡಿ?" ಮತ್ತೆ ಮಹಮೂದನನ್ನು ನೋಡಿದಳು. "ಅವರನ್ನು ಬಿಡಿ. ಮೂರು ಸಲವೂ ಬಿಚ್ಚಿದ್ದು ನಾನು."

"ನಿಮ್ಮ ತಾಯಿ ಆ ವಾಹನದಲ್ಲಿದ್ದರು," ಎಂದ ಮಹಮೂದ್.

"ನಾನೂ ಇದ್ದೆ. ನವೆಂಬರಿನ ಹಾಗೆ ನಡುಗ್ತದೆ, ಡ್ಯಾಡಿ ಗಾಡಿ ತಿರುಗಿಸ್ತಾರೆ ಅಂತ ಎಣಿಸಿದ್ದು. ಕಳಚಿ ಬೀಳ್ತದೆ ಅಂತ ಗೊತ್ತಿರ್ಲಿಲ್ಲ."

"ಬಿಚ್ಚುವ ಬೋಲ್ಟಿಗೆ ಎಣ್ಣೆ ಯಾಕೆ ಹಚ್ಚಿದಿರಿ?"

"ಪೂರ್ತಿ ತೆಗೆದು, ಮತ್ತೆ ಸಡಿಲ ಹಾಕಿದ್ದು. ಹಾಕುವಾಗ... ಅಭ್ಯಾಸ."

"ನಾನು ದೂರು ವಾಪಸ್ ತೆಗೀತೇನೆ," ಎಂದರು ಅಲೋಶಿಯಸ್.

"ನಿಮ್ಮ ದೂರು ತೆಗೆಯಬಹುದು. ಸಾಲಿಂನ ಕೈ?" ಮಹಮೂದ್ ಎದ್ದುನಿಂತ. ಆರು ಗಂಟೆಗೆ ಲಿಲ್ಲಿಯ ಬಂಧನವನ್ನು ದಾಖಲಿಸಲಾಯಿತು. ತಂದೆತಾಯಿ ಜೊತೆಯಲ್ಲೇ ಠಾಣೆಗೆ ಬಂದರು.

ಬಿಡುಗಡೆಯಾದ ಕೊಗ್ಗ ಬಾಗಿಲಲ್ಲೇ ಎದುರಾದ. ಅಲೋಶಿಯಸ್ ಕ್ಷಮೆ ಕೇಳಲು ಬಾಯಿ ತೆರೆದರು.

"ಬೇಡ," ಎಂದ ಕೊಗ್ಗ. "ನನ್ನ ಕಫೀಲಿನ ಕಣ್ಣಲ್ಲಿ ನನ್ನನ್ನು ಕಳ್ಳ ಮಾಡಿದ್ದೀರಿ. ಗ್ಯಾರೇಜಿಗೇ ಬಂದು, ಅವನ ಎದುರೇ ಅಲ್ಲ ಅನ್ನಿ. ಅಷ್ಟು ಮಾಡಿ." ಆಮೇಲೆ ಲಿಲ್ಲಿಯನ್ನು ನೋಡಿದ. ಸಿಟ್ಟಿತ್ತು, ಆದರೂ ಕೇಳಿದ: "ಬಾಯಿ ಬಿಟ್ಟು ಹೇಳಬಾರದಿತ್ತಾ ಮಗಾ?"

"ಹೇಳಿದ್ದೆ ಕೊಗ್ಗಣ್ಣ. ನಿಮಗಲ್ಲ, ಮನೆಯಲ್ಲಿ."

ಹೇಳಿಕೆಯನ್ನು ಲಿಲ್ಲಿ ತಡೆಯದೆ ಕೊಟ್ಟಳು. ಹುಡುಗ ದುಬೈಯಲ್ಲೇ ಇರುವುದು, ಅವಳು ಕೆಲಸ ಬಿಟ್ಟು ಕಾರ್ಕಳದಲ್ಲಿ ಅವನ ತಾಯಿಯ ಜೊತೆ ಇರುವುದು, ಅವನು ವರ್ಷಕ್ಕೊಂದು ತಿಂಗಳು ರಜೆಯಲ್ಲಿ ಬರುವುದು: ಇದು ಅವಳನ್ನು ಕೇಳದೆಯೇ ಹಿರಿಯರೊಳಗೆ ನಿಶ್ಚಯವಾಗಿತ್ತು.

"ಪಶ್ಚಾತ್ತಾಪ ಇದೆಯೇ?" ಮಹಮೂದ್ ಕೇಳಿದ.

"ಸಾಲಿಂ ಅವರ ಕೈಗೆ ನಾನು ಹೊಣೆ. ಕೊಗ್ಗಣ್ಣನ ಎರಡು ದಿನಕ್ಕೂ. ಅದಕ್ಕೆ ಏನು ಶಿಕ್ಷೆ ಕೊಟ್ಟರೂ ಆಗ್ತದೆ. ದುಬೈಗೆ ಹೋಗದ್ದಕ್ಕೆ ಇಲ್ಲ. ಹಾಗೇ ಬರೀರಿ."

"ಮನೆಯಲ್ಲಿ ಬೇಡವೆಂದು ಹೇಳಿದ್ದಕ್ಕೆ ಸಾಕ್ಷಿ ಇದೆಯೇ?"

"ಅವಳು ಹಾಗೆಲ್ಲ ಹೇಳಲೇ ಇಲ್ಲ," ಎಂದರು ಅಲೋಶಿಯಸ್.

ಗೋಡೆಯ ಪಕ್ಕದ ಬೆಂಚಿನಿಂದ ಆಲಿಸ್ ಎದ್ದು ಬಂದರು. ಮೂರು ದಿನದಿಂದ ಪೊಲೀಸರ ಮುಂದೆ ಅವರು ಒಂದು ಮಾತನ್ನೂ ಆಡಿರಲಿಲ್ಲ.

"ಹೇಳಿದ್ದಾಳೆ. ಊಟಕ್ಕೆ ಕೂತಾಗ ಹೇಳಿದ್ದು. ನಾನು ಕೇಳಿಯೂ ಸುಮ್ಮನೆ ಮೀನು ಬಡಿಸಿದೆ." ಗಂಡನ ಕಡೆ ನೋಡದೆ ದೇಜಪ್ಪನಿಗೆ ಹೇಳಿದರು. "ಸಾಕ್ಷಿ ಅಂತ ನನ್ನ ಹೆಸರು ಹಾಕಿ."

ದೇಜಪ್ಪ ಪೂರ್ತಿ ಹೆಸರು ಕೇಳಿದ. ಆಲಿಸ್ ತಮ್ಮ ತವರಿನ ಮನೆತನದ ಹೆಸರನ್ನು ಹೇಳಿ, ಸಹಿಗಾಗಿ ಪೆನ್ನು ತೆಗೆದುಕೊಂಡರು.