ಸುಗಲಾಬಾಯಿಯ ಕೆಡದ ಲೇಪ

ಸುಗಲಾಬಾಯಿ ಸಾಯುತ್ತಿರಲಿಲ್ಲ. ಮನ್ಮಥಪ್ಪನಿಗೆ ಆಕೆಯ ಮೇಲಿದ್ದ ತಕರಾರು ಇದೊಂದೇ. ಉಳಿದಂತೆ ಆಕೆ ಅವನ ತಂದೆಯ ಸ್ವಂತ ಅಕ್ಕ, ಗಂಡ ಸತ್ತವಳು, ಮಕ್ಕಳಿಲ್ಲದವಳು; ಒಬ್ಬ ಸೋದರತ್ತೆಯಲ್ಲಿ ಇರಬೇಕಾದ ಸಕಲ ಸದ್ಗುಣಗಳೂ ಆಕೆಯಲ್ಲಿದ್ದವು. ಎಲ್ಲಕ್ಕಿಂತ ದೊಡ್ಡ ಸದ್ಗುಣವೆಂದರೆ ತಾಂಡೂರಿನ ರೈಲು ನಿಲ್ದಾಣದ ಮಗ್ಗುಲಲ್ಲಿ ಆಕೆಯ ಹೆಸರಿಗಿದ್ದ ಹೊಲ. ಬಿತ್ತಿದ ಜೋಳ ಮೊಣಕಾಲಿನಷ್ಟೂ ಏಳದ ಬರೀ ಕಲ್ಲು ನೆಲ ಅದು. ಆದರೆ ನಿಜಾಮರ ರೈಲು ತಾಂಡೂರಿನ ಹಾಸುಗಲ್ಲನ್ನು ಹೈದರಾಬಾದಿಗೆ ಹೊರತೊಡಗಿದ ಮೇಲೆ ಆ ನೆಲದ ಅದೃಷ್ಟ ತಿರುಗಿತ್ತು. ಕಲ್ಲಿನ ಗುತ್ತೇದಾರ ತುಳಜಪ್ಪ ಚಪ್ಪಡಿ ಒಟ್ಟಲು ಅದೇ ಹೊಲ ಬೇಕೆಂದು ಮನ್ಮಥಪ್ಪನ ಅಂಗಡಿಗೆ ಎಡತಾಕುತ್ತಿದ್ದ.

ಅತ್ತೆ ಮಾತ್ರ ಒಪ್ಪಲಿಲ್ಲ.

"ನಿಮ್ಮ ಮಾವನ್ನ ಅಲ್ಲೇ ಕೂಡ್ಸೇವಿ. ನಾಳಿ ನಾನೂ ಅವರ ಮಗ್ಗಲಾಗೇ ಕೂಡಾಕಿ. ನಾ ಇರೋತನಕ ಆ ಹೊಲದ ಸುದ್ದಿ ತೆಗಿಬ್ಯಾಡ, ಮನ್ಮಥ" ಎಂದಳು. ಲಿಂಗವಂತರಲ್ಲಿ ಸತ್ತವರನ್ನು ಸುಡುವುದಿಲ್ಲ. ಗವಿ ತೋಡಿ, ಎಡಗೈಯಲ್ಲಿ ಲಿಂಗವಿಟ್ಟು, ಕೂತ ಭಂಗಿಯಲ್ಲೇ ಮಣ್ಣಿಗೆ ಒಪ್ಪಿಸುತ್ತಾರೆ. ಮನ್ಮಥಪ್ಪ ಹಿರಿಯರ ಮಾತು ಮೀರುವವನಲ್ಲ. 'ನಾ ಇರೋತನಕ' ಎಂಬುದನ್ನು ಅವನು ಬಹಳ ಶ್ರದ್ಧೆಯಿಂದ ಮನಸ್ಸಿಗೆ ಹಚ್ಚಿಕೊಂಡ.

ತೊಂದರೆಯೆಂದರೆ ಆಕೆಗೆ ಸಾಯುವ ಲಕ್ಷಣವೇ ಇರಲಿಲ್ಲ. ಅರವತ್ತು ದಾಟಿದರೂ ಕೆನ್ನೆ ಮಿರಮಿರ ಮಿಂಚುತ್ತಿತ್ತು. ಅದಕ್ಕೆ ಕಾರಣ ಆಕೆ ಮನೆಯಲ್ಲೇ ಮಾಡುತ್ತಿದ್ದ ಮುಖದ ಲೇಪ. ಬೆಣ್ಣೆಯನ್ನು ತಾಮ್ರದ ಪಾತ್ರೆಯಲ್ಲಿ ನೀರು ಬದಲಿಸಿ ಬದಲಿಸಿ ತೊಳೆದು ಮಲ್ಲಿಗೆಯಷ್ಟು ಬಿಳಿ ಮಾಡಿ, ತೇಯ್ದ ಗಂಧ, ಕಸ್ತೂರಿ ಅರಿಶಿಣ, ಗುಲಾಬಿ ನೀರು ಸೇರಿಸಿ ಮಥಿಸಿದರೆ ಆ ಲೇಪ. ನಾರಾಯಣಖೇಡದ ಜಾಗೀರದಾರರ ಜನಾನದಿಂದ ಜಹೀರಾಬಾದಿನ ಸಾವುಕಾರರ ಸೊಸೆಯಂದಿರವರೆಗೆ ಎಲ್ಲರಿಗೂ ಅದು ಬೇಕು. ಆ ಡಬ್ಬಿಗಳನ್ನು ಗಾಡಿಯಲ್ಲಿ ಹೊತ್ತು ತಿರುಗುವ ಭಾಗ್ಯ ಮಾತ್ರ ಮನ್ಮಥಪ್ಪನದು. ಬೇರು, ತೊಗಟೆ, ಮಸಾಲೆ ಮಾರುವ ಸ್ವಂತ ಅಂಗಡಿಯಿದ್ದ ಗಂಡಸು ಹೆಂಗಸರ ಮುಖದ ಬೆಣ್ಣೆ ಹೊರಬೇಕಾಗಿ ಬಂದದ್ದು ಅವನಿಗೆ ಒಳಗೊಳಗೇ ಉರಿಯುತ್ತಿತ್ತು.

ಆ ಲೇಪಕ್ಕೊಂದು ರೋಗವಿತ್ತು. ಮಳೆಗಾಲ ಹಿಡಿದರೆ ಸಾಕು, ಕೆಲವೇ ದಿನಕ್ಕೆ ಹುಳಿ ವಾಸನೆ ಬಂದು ಮೇಲೆ ಬೂಷ್ಟು ಹಿಡಿಯುತ್ತಿತ್ತು. ಗುಲಾಬಿ ನೀರು ಬಿಟ್ಟರೆ ಕೆಡುವುದಿಲ್ಲವೆಂದು ಆಕೆಗೂ ಗೊತ್ತು; ಆದರೆ ಅದನ್ನು ಬಿಟ್ಟರೆ ಜನಾನದವರು ಆಕೆಯನ್ನೇ ಬಿಡುತ್ತಾರೆ. ಆ ವರ್ಷ ನಾರಾಯಣಖೇಡದಿಂದ ಡಬ್ಬಿಗಳು ಹಸಿರು ಗಡ್ಡ ಬಿಟ್ಟುಕೊಂಡು ವಾಪಸು ಬಂದಾಗ ಸುಗಲಾಬಾಯಿ ಕಣ್ಣೀರು ಹಾಕಿದಳು.

"ಕೆಡಲಾರದಂಥದ್ದು ಏನರ ಹಾಕಾಕ ಬರ್ತದೇನು ನೋಡೋ. ನಿನ್ನ ಅಂಗಡ್ಯಾಗ ಇಲ್ಲದ ವಸ್ತು ಏನದ?"

ಮನ್ಮಥಪ್ಪನ ತಲೆಯಲ್ಲಿ ಬೆಳಕು ಬಿದ್ದದ್ದು ಆಗ. ಕೊಲ್ಲಬೇಕಾದವಳೇ ಕರೆದು, ಬೇಕಾದ್ದು ಬೆರೆಸು ಎಂದು ಡಬ್ಬಿ ಕೈಗೆ ಕೊಡುತ್ತಿದ್ದಾಳೆ. ಅದರಲ್ಲೂ ಆಕೆಗೊಂದು ರೂಢಿಯಿತ್ತು. ಪ್ರತಿ ಸಲ ಮಾಡಿದ ಲೇಪದ ಮೊದಲ ಡಬ್ಬಿಯನ್ನು ತನಗೇ ಇಟ್ಟುಕೊಂಡು, ದಿನಾ ಬೆಳಿಗ್ಗೆ ಅದರಿಂದ ಬೆರಳ ತುದಿಯಷ್ಟು ತೆಗೆದು ಮೊದಲು ನಾಲಿಗೆಗೆ ಮುಟ್ಟಿಸಿ ಹುಳಿ ಬಂದಿದೆಯೇ ನೋಡುತ್ತಿದ್ದಳು. ಉಳಿದದ್ದನ್ನು ಗಲ್ಲಕ್ಕೆ ಸವರುತ್ತಿದ್ದಳು. ಮೊದಲು ನಾಲಿಗೆ, ಆಮೇಲೆ ಗಲ್ಲ. ಇಷ್ಟು ಶಿಸ್ತಿನ ಹೆಂಗಸನ್ನು ಕೊಲ್ಲಲು ಎಂಥವನಿಗೂ ಹುರುಪು ಬರಬೇಕು.

ಆತುರಪಡಲಿಲ್ಲ ಅವನು. ಮೊದಲು ಊರಿಗೆಲ್ಲ ತಾನು ಲೇಪ ಕೆಡದಂತೆ ಮಾಡುವ ವಸ್ತು ಹುಡುಕುತ್ತಿದ್ದೇನೆಂದು ಡಂಗುರ ಸಾರಿದ. ಉಪ್ಪು ಹಾಕಿ ತೋರಿಸಿದ. ಲೇಪ ನೀರೊಡೆಯಿತು, ಗಲ್ಲ ಉರಿಯಿತು. ಜೇನುತುಪ್ಪ ಹಾಕಿದ, ಲೇಪ ನಿಂತಿತು, ಆದರೆ ಮನೆ ತುಂಬ ಇರುವೆ ಸಾಲು. ಬೇವಿನೆಣ್ಣೆ ಹಾಕಿದ ಡಬ್ಬಿ ನಾರಾಯಣಖೇಡಕ್ಕೆ ಹೋಗಿ, ಅದರ ನಾತಕ್ಕೆ ಒಬ್ಬ ಸಾಹೇಬರು ಹಾಸಿಗೆಯನ್ನು ಮಾಳಿಗೆಗೆ ಸಾಗಿಸಿದರೆಂಬ ಸುದ್ದಿಯೊಂದಿಗೆ ತಿರುಗಿ ಬಂತು. ನಾವಿದರು ಗಡ್ಡ ಕೆರೆದ ಮೇಲೆ ಉಜ್ಜುವ ಪಟಕದ ಕಲ್ಲು ಅರೆದು ಹಾಕಿದರೆ ಚರ್ಮ ಸುಕ್ಕುಗಟ್ಟಿತು. ಕೊನೆಗೆ ಜೇನುಮೇಣ ಕರಗಿಸಿ, ನಾಲ್ಕು ಹನಿ ಲವಂಗದೆಣ್ಣೆ ಬಿಟ್ಟು ಮಥಿಸಿದ. ಆ ಲೇಪ ಇಡೀ ಶ್ರಾವಣ ಕಳೆದರೂ ಕೆಡಲಿಲ್ಲ. ವಾಸನೆ ಘಮ್ಮೆನ್ನುತ್ತಿತ್ತು. ಹೀಗೆ ಮನ್ಮಥಪ್ಪ ತಾನು ಹುಡುಕದೇ ಇದ್ದದ್ದನ್ನು ಹುಡುಕಿಬಿಟ್ಟ. ಅದನ್ನೇ ಮಾರಿಕೊಂಡು ಮರ್ಯಾದೆಯಿಂದ ಬದುಕಬಹುದಿತ್ತು. ಆ ವಿಚಾರ ಅವನ ತಲೆಗೆ ಬರಲೂ ಇಲ್ಲ. ಅವನಿಗೆ ಬೇಕಿದ್ದದ್ದು ಹೊಲ.

ಮುಖ್ಯ ವಸ್ತು ಸಿಕ್ಕಿದ್ದು ಜಹೀರಾಬಾದಿನ ಸಂತೆಯಲ್ಲಿ. ಮೊಗುಡಂಪಲ್ಲಿಯ ಮಾಳಿಂಗಪ್ಪ ಕುರಿ ಸಾಕುವವನು, ಕುರಿತೊಗಲೂ ಮಾರುತ್ತಿದ್ದ. ತೊಗಲಿನ ಒಳಮೈಗೆ ಬಿಳಿ ಪುಡಿ ಸವರುತ್ತ ಕೂತಿದ್ದ.

"ಇದು ಪಾಷಾಣ ರೀ ಸಾವ್ಕಾರ್ರ. ಇದು ಹಚ್ಚಿದ್ರ ತೊಗಲಿಗಿ ಹುಳ ಬೀಳಲ್ಲ, ಕೊಳಿಯಲ್ಲ. ವರ್ಷ ಬಿಟ್ಟು ನೋಡ್ರಿ, ಮುಂಜಾನಿ ಸುಲ್ದಂಗೇ ಇರ್ತದ. ಮೊನ್ನಿ ನಮ್ಮ ನಾಯಿ ಬಂದು ಒಂದೀಟು ನೆಕ್ಕಿತು ನೋಡ್ರಿ, ಸಂಜಿತನಕ ಉಳಿಲಿಲ್ಲ."

"ಅಯ್ಯೋ ಪಾಪ" ಎಂದ ಮನ್ಮಥಪ್ಪ. ನಾಯಿಯ ಸಂಗತಿ ಅವನಿಗೆ ಬಹಳ ಹಿಡಿಸಿತು. ತೊಗಲಿನ ಸಂಗತಿ ಕೇಳುವಷ್ಟು ಪುರುಸೊತ್ತು ಅವನಿಗಿರಲಿಲ್ಲ. ಅಂಗಡಿಯಲ್ಲಿ ಇಲಿಗಳ ಕಾಟವೆಂದು ಹೇಳಿ ಒಂದು ಪೊಟ್ಟಣ ಕಟ್ಟಿಸಿಕೊಂಡ.

ಮಾರುವ ಡಬ್ಬಿಗಳಿಗೆಲ್ಲ ಮೇಣ ಮತ್ತು ಲವಂಗ ಮಾತ್ರ. ಅವನೇನು ರಾಕ್ಷಸನೇ? ನಾರಾಯಣಖೇಡದ ಹೆಂಗಸರು ಸತ್ತರೆ ನಾಳೆ ಗಿರಾಕಿಗಳೆಲ್ಲಿ? ಪೊಟ್ಟಣದ ಪುಡಿ ಬಿದ್ದದ್ದು ಅತ್ತೆಯ ಒಂದು ಡಬ್ಬಿಗೆ ಮಾತ್ರ. ಅದನ್ನು ಆಕೆಯ ಕೈಗೆ ಕೊಡುವಾಗ ಓಣಿಯ ಹೆಂಗಸರೆಲ್ಲ ಕಟ್ಟೆಯ ಮೇಲೆ ಸೇರಿದ್ದರು. ಅವನಿಗೆ ಹೆಮ್ಮೆ ತಡೆಯಲಾಗಲಿಲ್ಲ.

"ಅತ್ತಿ, ಇದು ಜಲ್ಮದಾಗ ಕೆಡೂದಿಲ್ಲ. ನಾ ಕೈಯಾರ ಬೆರಸೀನಿ, ನನಗ ಗೊತ್ತಿಲ್ಲೇನು?"

"ನಮ್ಮ ಅಳಿಯ ಅಂದ್ರ ಏನಂದ್ಕೊಂಡೀರಿ" ಎಂದು ಸುಗಲಾಬಾಯಿ ಕಟ್ಟೆಗೆಲ್ಲ ಕೇಳುವಂತೆ ಹೇಳಿ, ಬೆರಳು ಅದ್ದಿ ನಾಲಿಗೆಗೆ ಮುಟ್ಟಿಸಿದಳು.

ಕಾಲವನ್ನೂ ಅವನು ನೋಡಿಯೇ ಆರಿಸಿದ್ದ. ಮಳೆಗಾಲದಲ್ಲಿ ವಾಂತಿಭೇದಿ ಹಿಡಿದು ಸಾಯುವುದು ಊರಿಗೆ ಹೊಸತಲ್ಲ. ಯಾರೂ ಏಕೆಂದು ಕೇಳುವುದಿಲ್ಲ. ಮೇಲಾಗಿ ಹಸಿ ಮಣ್ಣಿನಲ್ಲಿ ಹೆಣ ಬೇಗ ಕರಗುತ್ತದೆ. ಸುಗಲಾಬಾಯಿ ಹಾಸಿಗೆ ಹಿಡಿದಳು. ಹಕೀಮರು ಬಂದು, ನೀರು ಕೆಟ್ಟಿದೆ ಎಂದು ಹೇಳಿ ಹೋದರು. ಮುಖ ಬಾಡಿತೆಂದು ಆಕೆ ಇನ್ನಷ್ಟು ಲೇಪ ಹಚ್ಚಿಕೊಂಡಳು. ಒಂದು ಮಧ್ಯಾಹ್ನ ಅವನ ಕೈ ಹಿಡಿದು, "ನೀ ಇದ್ದಿ ಅಂತ ನನಗ ಧೈರ್ಯ ಅದ ಮನ್ಮಥ" ಎಂದಾಗ ಅವನಿಗೆ ನಿಜವಾಗಿಯೂ ಸಂಕಟವಾಯಿತು. ಹೊರಗೆ ಬಂದಾಗ ತುಳಜಪ್ಪನ ಕಲ್ಲಿನ ಗಾಡಿಗಳು ನಿಲ್ದಾಣದ ಕಡೆ ಸಾಲಾಗಿ ಹೋಗುತ್ತಿದ್ದವು, ಸಂಕಟ ಕಡಿಮೆಯಾಯಿತು.

ಆಕೆ ಸತ್ತ ದಿನ ಮನ್ಮಥಪ್ಪ ಅತ್ತಷ್ಟು ಓಣಿಯಲ್ಲಿ ಯಾರೂ ಅಳಲಿಲ್ಲ. ಅಳುತ್ತಲೇ ಮನೆಯೆಲ್ಲ ಹುಡುಕಿದ, ಡಬ್ಬಿ ಕಾಣಲಿಲ್ಲ. ಮನೆಗೆಲಸದ ಬಂಡಮ್ಮನನ್ನು ಕೇಳಿದ. ಅತ್ತೆಗೆ ತಲೆ ಬಾಚಿ, ಕಾಲೊತ್ತಿ ಅದೇ ಮನೆಯಲ್ಲಿ ಮುದುಕಿಯಾದವಳು ಆಕೆ.

"ಅವ್ವಾರ ತೊಡಿ ಮ್ಯಾಲ ಇಟ್ಟು ಕಳಿಸೀನ್ರಿ. ಮ್ಯಾಲ ಮುಚ್ಚಳಕ್ಕ ಮೇಣ ಮೆತ್ತೀನಿ. ಅದು ಬಿಟ್ಟು ಅವ್ವಾರು ಹ್ಯಾಂಗ ಇದ್ದಾರು?"

ಮನ್ಮಥಪ್ಪನಿಗೆ ಬಂಡಮ್ಮನ ಕಾಲಿಗೆ ಬೀಳಬೇಕೆನಿಸಿತು. ಇದ್ದ ಒಂದೇ ಸಾಕ್ಷಿಯನ್ನು ಊರವರೆಲ್ಲ ಸೇರಿ, ವಿಭೂತಿ ಬಿಲ್ವಪತ್ರೆಯೊಂದಿಗೆ, ಅಯ್ಯನವರ ಮಂತ್ರದ ಸಮೇತ ಹೂತು ಬಂದಿದ್ದರು. ಇಂಥ ಅಚ್ಚುಕಟ್ಟು ಅವನ ಯೋಜನೆಯಲ್ಲೂ ಇರಲಿಲ್ಲ. ಅಂದೇ ಅವನು ಡಬ್ಬಿಯನ್ನು ಮರೆತ.

ಹೊಲ ಅವನ ಹೆಸರಿಗೆ ಬಂತು. ಆದರೆ ತುಳಜಪ್ಪ ತಲೆಯಾಡಿಸಿದ.

"ಗೋರಿ ಇದ್ದ ಜಾಗದಾಗ ಕಲ್ಲು ಒಟ್ಟಾಕ ಆಗಲ್ರಿ. ನನ್ನ ಆಳು ಒಬ್ಬರೂ ನಿಲ್ಲಲ್ಲ. ಅವ್ರನ್ನ ಎಬ್ಬಿಸಿ ಕೊಡ್ರಿ, ನಾಳೀನೇ ತಗೋತೀನಿ."

ಅದೇನು ಮಹಾ? ಬೇಸಿಗೆ ಬರಲೆಂದು ಕಾದ. ಒಂದು ಮಳೆಗಾಲ ಕಳೆದಿದೆ, ಇನ್ನು ಎಲುಬಷ್ಟೇ ಉಳಿದಿರುತ್ತದೆ. ಧಾರೂರಿನ ಹಾದಿಯಲ್ಲಿ ಅತ್ತೆ ಮಾವ ಇಬ್ಬರನ್ನೂ ಹೊಸ ಜಾಗದಲ್ಲಿ ಕೂಡಿಸಿ, ಮೇಲೆ ಒಳ್ಳೆಯ ಕಟ್ಟೆ ಕಟ್ಟಿಸುವೆನೆಂದು ಅಯ್ಯನವರನ್ನು ಒಪ್ಪಿಸಿದ. ಅಮೀನ್ ಸಾಹೇಬರ ಪರವಾನಗಿಯನ್ನೂ ಪಡೆದ. ಪೊಲೀಸಿನ ಅಮೀನರು ಸ್ವತಃ ಬಂದು ಬೇವಿನ ನೆರಳಲ್ಲಿ ಕುರ್ಚಿ ಹಾಕಿಸಿಕೊಂಡು, ಪಾನು ಜಗಿಯುತ್ತ ಕೂತರು. ಅರ್ಧ ತಾಂಡೂರು ನೋಡಲು ನೆರೆದಿತ್ತು. ಮನ್ಮಥಪ್ಪ ಇಬ್ಬರಿಗೂ ಸೇರಿ ಒಂದೇ ಬುಟ್ಟಿ ತಂದಿದ್ದ.

ಮಾವ ಬುಟ್ಟಿಯ ತಳದಲ್ಲೇ ಹಿಡಿದರು. ಒಂದಿಷ್ಟು ಎಲುಬು, ಒಂದಿಷ್ಟು ಮಣ್ಣು. ಆಳುಗಳು ಅತ್ತೆಯ ಗವಿಯ ಚಪ್ಪಡಿ ಸರಿಸಿದರು. ಸರಿಸಿದವರು ಗುದ್ದಲಿ ಅಲ್ಲೇ ಬಿಟ್ಟು ಕೈ ಮುಗಿದರು.

ಸುಗಲಾಬಾಯಿ ಕೂತಿದ್ದಳು. ಕೂಡಿಸಿದ ಹಾಗೆಯೇ ಕೂತಿದ್ದಳು. ಎಡಗೈಯಲ್ಲಿ ಲಿಂಗ, ಹಣೆಯ ಮೇಲೆ ವಿಭೂತಿ, ಸ್ವಲ್ಪ ಒಣಗಿದ್ದರೂ ಗುರುತು ತಪ್ಪದ ಅದೇ ಮುಖ. ಒಂದು ಹುಳವಿಲ್ಲ, ನಾತವಿಲ್ಲ. ಮುಂಜಾನೆ ತಾನೇ ಕೂತು ಪೂಜೆ ಮಾಡುತ್ತ ಕಣ್ಣು ಮುಚ್ಚಿದವಳಂತಿದ್ದಳು. ಮನ್ಮಥಪ್ಪನ ಕಿವಿಯಲ್ಲಿ ಜಹೀರಾಬಾದಿನ ಸಂತೆಯ ಮಾತು ಈಗ ಪೂರ್ತಿಯಾಗಿ ಕೇಳಿಸಿತು: ವರ್ಷ ಬಿಟ್ಟು ನೋಡ್ರಿ.

"ಶರಣಿ! ನಮ್ಮ ಸುಗಲವ್ವ ಶರಣಿ ಆಗ್ಯಾಳ!" ಎಂದು ಯಾರೋ ಕೂಗಿದರು. ಹೆಂಗಸರು ನೆಲಕ್ಕೆ ಹಣೆ ಹಚ್ಚಿದರು. ಅಯ್ಯನವರು ಕಣ್ಣೀರು ಒರೆಸಿಕೊಂಡು, ಇಲ್ಲಿಂದ ಈ ತಾಯಿಯನ್ನು ಯಾರೂ ಕದಲಿಸಕೂಡದು, ಇಲ್ಲೇ ಗದ್ದುಗೆ ಆಗಬೇಕು, ಹೊಲ ಗದ್ದುಗೆಗೇ ಸೇರಬೇಕು ಎಂದು ಅಪ್ಪಣೆ ಕೊಡಿಸಿದರು. ತುಳಜಪ್ಪ ಎಲ್ಲರಿಗಿಂತ ಮೊದಲು ಅಡ್ಡಬಿದ್ದು, ಗದ್ದುಗೆಯ ಕಲ್ಲು ತನ್ನದೆಂದ. ಆಕೆ ಶರಣಿಯಲ್ಲವೆಂದು ಹೇಳಬಲ್ಲವನು ಇಡೀ ತಾಂಡೂರಿನಲ್ಲಿ ಮನ್ಮಥಪ್ಪನೊಬ್ಬನೇ. ಕಾರಣ ಹೇಳುವ ಹಾಗಿರಲಿಲ್ಲ. ಆದರೂ ಚತುರನ ಬುದ್ಧಿ ಬೇಗ ಚೇತರಿಸಿಕೊಂಡಿತು. ಗದ್ದುಗೆ ಎಂದ ಮೇಲೆ ಪೂಜೆ, ಪೂಜೆ ಎಂದ ಮೇಲೆ ಕಾಣಿಕೆ. ರಕ್ತಸಂಬಂಧಿ ತಾನೊಬ್ಬನೇ. ಹೊಲ ಹೋದರೇನು, ತಟ್ಟೆ ಉಳಿಯಿತಲ್ಲ. ಅವನೂ ಕಣ್ಣು ಒರೆಸಿಕೊಂಡು ಮುಂದೆ ಬಂದು ಅತ್ತೆಗೆ ಅಡ್ಡಬಿದ್ದ.

ಅವನು ಏಳುವಷ್ಟರಲ್ಲಿ ಬಂಡಮ್ಮ ಗವಿಯೊಳಗಿಂದ ಡಬ್ಬಿ ಎತ್ತಿಕೊಂಡಿದ್ದಳು. ಮೇಣ ಕಿತ್ತು ಮುಚ್ಚಳ ತೆಗೆದಳು. ಗುಲಾಬಿಯ ಘಮ ಹೊಲವನ್ನೆಲ್ಲ ತುಂಬಿತು. ಲೇಪ ಇಂದು ಮಥಿಸಿದಂತೆ ನುಣ್ಣಗಿತ್ತು. ಅಯ್ಯನವರು ಇದೇ ಪ್ರಸಾದವೆಂದರು. ನೂರಾರು ಕೈಗಳು ಚಾಚಿದವು. ಬಂಡಮ್ಮ ಎಲ್ಲರನ್ನೂ ತಡೆದು ಮನ್ಮಥಪ್ಪನ ಮುಂದೆ ಡಬ್ಬಿ ಹಿಡಿದಳು. "ಮೊದ್ಲ ನೀವು ರೀ, ನೀವೇ ಮಾಡಿದ್ದು. ನಾಲಿಗಿಗಿ ಮೊದ್ಲ, ಆಮ್ಯಾಲ ಗಲ್ಲಕ್ಕ. ಅವ್ವಾರು ಹಂಗೇ ಮಾಡ್ತಿದ್ರು." ಮನ್ಮಥಪ್ಪ ಹಿಂದೆ ಸರಿದ. "ಬ್ಯಾಡ, ಹಳೇದದ, ಕೆಟ್ಟಿರ್ತದ." ಬಂಡಮ್ಮನಿಗೆ ಆಶ್ಚರ್ಯವಾಯಿತು. "ಜಲ್ಮದಾಗ ಕೆಡೂದಿಲ್ಲ ಅಂತ ನೀವೇ ಕಟ್ಟಿ ಮ್ಯಾಲ ಕುಂತು ಹೇಳಿದ್ರಲ್ರೀ?" ಅವನ ಬೆರಳಿಗೆ ತಾನೇ ಲೇಪ ಹಚ್ಚಿದಳು. ಆ ಬೆರಳು ಬಾಯಿಯ ಕಡೆ ಏಳಲಿಲ್ಲ. ಬೇವಿನ ನೆರಳಲ್ಲಿ ಅಮೀನ್ ಸಾಹೇಬರು ಪಾನು ಜಗಿಯುವುದನ್ನು ನಿಲ್ಲಿಸಿದರು. ಗವಿಯಲ್ಲಿದ್ದ ಮುಖವನ್ನು ನೋಡಿದರು, ಡಬ್ಬಿಯನ್ನು ನೋಡಿದರು, ಆ ಬೆರಳನ್ನು ಬಹಳ ಹೊತ್ತು ನೋಡಿದರು. ಕುರ್ಚಿಯಿಂದ ಎದ್ದು ಬಂದು, ಚಾಚಿದ ಕೈಗಳಿಗೆಲ್ಲ ತಮ್ಮ ಲಾಠಿ ಅಡ್ಡ ಹಿಡಿದು ಮೆಲ್ಲಗೆ ಹೇಳಿದರು: "ಯಾರೂ ಮುಟ್ಟಬ್ಯಾಡ್ರಿ. ಮೊದ್ಲ ಇಂವ ನೆಕ್ಕಲಿ."